ಬೀಗರ ಬಿಳುಪು

ಪಂಚೆ ಬೆಳ್ಳಗಿತ್ತೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದು ತೀರ್ಮಾನವಾಗುವವರೆಗೆ ನಮ್ಮನೆಯಲ್ಲಿ ಊಟವೊಂದು ಬಿಟ್ಟು ಬೇರೆ ಯಾವ ಕೆಲಸವೂ ನಡೆಯುವ ಲಕ್ಷಣವಿಲ್ಲ. ಆ ಊಟವೂ ಅನ್ನ ಬಸಿಯುವುದೋ ಕುಕ್ಕರಿಗೆ ಇಡುವುದೋ ಎಂಬಲ್ಲಿಗೆ ಬಂದು ನಿಂತಿದೆ, ಯಾಕೆಂದರೆ ಅಮ್ಮನಿಗೆ ಗಂಜಿ ಬೇಕು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ. ಈ ಬೇಸಿಗೆಗೆ ಶಿಕಾರಿಪುರದಿಂದ ಅತ್ತೆ-ಮಾವ, ಸೊರಬದಿಂದ ನನ್ನ ಅಮ್ಮ ಒಂದೇ ವಿಮಾನದಲ್ಲಿ ಬಂದಿಳಿದರು. "ಒಟ್ಟಿಗೇ ಕರೆಸೋಣ, ಅವರಿಗೂ ಜೊತೆಯಾಗುತ್ತೆ" ಎಂದದ್ದು ನನ್ನ ಗಂಡ. ಆತ ಈಗ ದಿನಾ ಆಫೀಸಿನಲ್ಲಿ ತುಂಬ ಕೆಲಸ ಎನ್ನುತ್ತಾನೆ.

ನಮ್ಮ ಬಡಾವಣೆಗೊಂದು ಮನೆಯೊಡೆಯರ ಸಂಘವಿದೆ. ಗೋಡೆಗೆ ಯಾವ ಬಣ್ಣ, ಹುಲ್ಲು ಎಷ್ಟು ಎತ್ತರ, ಕಸದ ಡಬ್ಬಿ ಎಷ್ಟು ಹೊತ್ತಿಗೆ ಒಳಗೆ ಹೋಗಬೇಕು, ಎಲ್ಲ ಅವರೇ ಹೇಳುವುದು. ಹೋದ ವಾರ ಅವರ ಕಾಗದ ಬಂತು. ನಿಮ್ಮ ಮಹಡಿಯ ಕಟಕಟೆಯ ಮೇಲೆ ಅನುಮತಿಯಿಲ್ಲದೆ ಉದ್ದನೆಯ ಬಿಳಿ ಬ್ಯಾನರೊಂದನ್ನೂ, ಅದರ ಪಕ್ಕ ಕೈ ಚಾಚಿದ ಮನುಷ್ಯಾಕೃತಿಯೊಂದನ್ನೂ ತೂಗುಹಾಕಿದ್ದೀರಿ, ಕೂಡಲೇ ತೆಗೆಯಿರಿ, ಸಾಕ್ಷಿಗೆ ಫೋಟೊ ಲಗತ್ತಿಸಿದೆ. ಬ್ಯಾನರು ಅಂದದ್ದು ಮಾವನ ಎಂಟು ಮೊಳದ ಪಂಚೆಗೆ. ಮನುಷ್ಯಾಕೃತಿ ಅಂದದ್ದು ನನ್ನ ಮಗಳ ಕರಾಟೆ ಡ್ರೆಸ್ಸಿಗೆ. ಅಮ್ಮ ಅದಕ್ಕೆ ಹಾಕಿದ ಗಂಜಿಯ ದೆಸೆಯಿಂದ ಒಳಗೆ ಹುಡುಗಿ ಇಲ್ಲದಿದ್ದರೂ ಅದು ಎರಡು ತೋಳು ಚಾಚಿಕೊಂಡು ತಾನೇ ನಿಂತಿತ್ತು.

ಇಂಥ ಕಾಗದ ಬಂದರೆ ಒಂದು ಸಂಸಾರ ನಾಚಿಕೊಳ್ಳಬಹುದು, ಹೆದರಬಹುದು, ಓಡಿ ಹೋಗಿ ಬಟ್ಟೆ ತೆಗೆಯಬಹುದು. ನಮ್ಮವರು ಫೋಟೊ ನೋಡುತ್ತ ಕೂತರು. ಅತ್ತೆ ಕನ್ನಡಕ ಹಾಕಿಕೊಂಡರು, ತೆಗೆದರು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಎರಡೂ ಒಂದೇ ಕಡೆ ಬಂದಾವು. ಯಾವುದು ಬೆಳ್ಳಗೈತಿ, ನೀನೇ ನೋಡಿ ಹೇಳವ್ವಾ."

ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು. "ನಾವು ನೀವು ತೆಗೆದ ಫೋಟೊ ಅಲ್ವಲ್ಲ ಇದು? ಯಾರೋ ಗುರುತಿಲ್ಲದವರು ತೆಗೆದದ್ದು. ಹಾಗಾದ್ರೆ ನ್ಯಾಯವಾಗಿಯೇ ಇರುತ್ತೆ."

ಒಂದು ತಿಂಗಳಿಂದ ಒಳಗೊಳಗೇ ಹೊಗೆಯಾಡುತ್ತಿದ್ದ ವ್ಯಾಜ್ಯಕ್ಕೆ ಕೊನೆಗೂ ಒಬ್ಬ ಮೂರನೆಯ ಸಾಕ್ಷಿ ಸಿಕ್ಕಿದ್ದ.

ವ್ಯಾಜ್ಯದ ಮೂಲ ಹೇಳುತ್ತೇನೆ. ಶಿಕಾರಿಪುರದ ಪದ್ಧತಿಯಲ್ಲಿ ಬಿಳಿ ಬಟ್ಟೆ ಹಿಂದಿನ ರಾತ್ರಿಯೇ ಸೋಪಿನ ನೀರಲ್ಲಿ ನೆನೆಯಬೇಕು. ಬೆಳಗ್ಗೆ ಕೊರಳಪಟ್ಟಿಗೂ ತೋಳಿನ ಅಂಚಿಗೂ ಬಾರ್ ಸೋಪು ತಿಕ್ಕಿ, ಕಲ್ಲಿಗೆ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ಕಡೆಯ ನೀರಿಗೆ ರಾಬಿನ್ ನೀಲಿ. ಪುಡಿಯನ್ನು ನೇರವಾಗಿ ಬಕೆಟ್ಟಿಗೆ ಸುರಿಯುವವರು ಅತ್ತೆಯ ದೃಷ್ಟಿಯಲ್ಲಿ ಮನುಷ್ಯರಲ್ಲ. ಹಳೇ ಪಂಚೆಯ ಚೂರಲ್ಲಿ ಗಂಟು ಕಟ್ಟಿ, ನೀರಲ್ಲಿ ಆಡಿಸಿ, ಅಂಗೈಯಲ್ಲಿ ನೀರೆತ್ತಿ ಬಣ್ಣ ನೋಡಿ, "ಸಾಕು" ಅನ್ನುವುದಕ್ಕೆ ನಲವತ್ತು ವರ್ಷದ ಸಂಸಾರ ಬೇಕು. ಸೊರಬದ ಪದ್ಧತಿಯಲ್ಲಿ ಉಜಾಲ, ನಾಲ್ಕೇ ಹನಿ, ಆಮೇಲೆ ಗಂಜಿ. ಉಜಾಲ ಹುಟ್ಟಿದ್ದು 1983ರಲ್ಲಿ, ಕೇರಳದ ತ್ರಿಶೂರಿನಲ್ಲಿ. ಎಂ. ಪಿ. ರಾಮಚಂದ್ರನ್ ಅನ್ನುವವರು ಐದು ಸಾವಿರ ರೂಪಾಯಿ ಸಾಲ ಮಾಡಿ ಶುರು ಮಾಡಿದ್ದು. ಅಮ್ಮನನ್ನು ಕೇಳಿದರೆ ಅದು ಬನವಾಸಿಯ ಕದಂಬರ ಕಾಲದಿಂದಲೂ ಇದೆ. ಕದಂಬರ ಹೆಸರೆತ್ತಿದರೆ ಅತ್ತೆ ಬಿಡುವುದಿಲ್ಲ, ಅವರ ಶಾಸನವಿರುವ ತಾಳಗುಂದ ಶಿಕಾರಿಪುರ ತಾಲ್ಲೂಕು. ಹೀಗೆ ಒಂದು ಬನಿಯನ್ನಿನಿಂದ ಹೊರಟ ಮಾತು ಮಯೂರವರ್ಮನ ಹತ್ತಿರ ಹೋಗಿ ಮುಟ್ಟುತ್ತದೆ.

"ನಾಲ್ಕು ಹನಿ ಹಾಕಿ ಕೈ ತೊಳಕೊಳ್ಳೋದು ಸೋಮಾರಿಗಳ ನೀಲಿ" ಎಂದು ಅತ್ತೆ.

"ಗಂಟು ಬಿಚ್ಚಿಕೊಂಡು ಪಂಚೆ ತುಂಬಾ ನೀಲಿ ಚುಕ್ಕಿ ಬೀಳೋದಕ್ಕಿಂತ ವಾಸಿ" ಎಂದು ಅಮ್ಮ, ನನ್ನ ಕಡೆ ತಿರುಗಿ. ಬೀಗತಿಗೆ ನೇರ ಉತ್ತರ ಕೊಡುವುದು ಮರ್ಯಾದೆಯಲ್ಲವಲ್ಲ, ಇಬ್ಬರ ಮಾತೂ ನನ್ನ ಮೇಲಿಂದಲೇ ಹಾಯಬೇಕು.

ಹತ್ತನೇ ಕ್ಲಾಸು ಮುಗಿಸಿದ ನನ್ನ ಮಗ ಒಂದು ದಿನ ಊಟಕ್ಕೆ ಕೂತಾಗ ಇಬ್ಬರಿಗೂ ವಿಜ್ಞಾನ ಹೇಳಿಕೊಟ್ಟ. ನೀಲಿ ಕೊಳೆ ತೆಗೆಯುವುದಿಲ್ಲವಂತೆ. ಹತ್ತಿ ಬಟ್ಟೆ ಹಳತಾಗುತ್ತ ಹಳದಿಗೆ ತಿರುಗುತ್ತದೆ. ಹಳದಿಯ ಮೇಲೆ ಒಂಚೂರು ನೀಲಿ ಕೂತರೆ ಒಂದನ್ನೊಂದು ಕೊಂದುಕೊಂಡು ಕಣ್ಣಿಗೆ ಬಿಳಿಯ ಹಾಗೆ ಕಾಣುತ್ತದೆ. ರಾಬಿನ್‌ನದು ಅಲ್ಟ್ರಾಮರೀನ್ ಪುಡಿ, ನೀರಲ್ಲಿ ಕರಗದೆ ತೇಲುವಂಥದು, ಗಂಟು ಕಟ್ಟುವುದು ಅದಕ್ಕೇ. ಉಜಾಲದಲ್ಲಿರುವುದು ಕರಗಿದ ನೇರಳೆ ಬಣ್ಣ. "ಅಂದ್ರೆ ನೀವಿಬ್ರೂ ಮಾಡ್ತಿರೋದು ಒಂದೇ ಚೀಟಿಂಗು ಅಜ್ಜಿ" ಎಂದು ಮುಗಿಸಿದ. ಅವತ್ತು ಅವನ ತಟ್ಟೆಗೆ ಯಾವ ಕಡೆಯಿಂದಲೂ ತುಪ್ಪ ಬೀಳಲಿಲ್ಲ.

ಅವನ ವಿಷಯದಲ್ಲಿ ಮಾತ್ರ ಅಜ್ಜಿಯರಿಬ್ಬರದೂ ಒಂದೇ ದುಃಖ. ಹುಡುಗ ಕಪ್ಪು ಬಿಟ್ಟು ಬೇರೆ ಬಣ್ಣ ತೊಡುವುದಿಲ್ಲ. ಕಪ್ಪು ಟೀ ಶರ್ಟು, ಕಪ್ಪು ಚಡ್ಡಿ, ಈ ಬಿಸಿಲಲ್ಲೂ ಕಪ್ಪು ಹುಡಿ. ಬೆಳ್ಳಗೆ ಮಾಡಿಕೊಡೋಣ ಅಂದರೆ ಹಿಡಿತಕ್ಕೇ ಸಿಕ್ಕುವುದಿಲ್ಲ. ಅವನು ಸೋಫಾದ ಮೇಲೆ ಫೋನು ಹಿಡಿದು ಬಿದ್ದುಕೊಂಡದ್ದು ಕಂಡು ಅತ್ತೆ ಮಡಿವಾಳ ಮಾಚಯ್ಯನ ಕಥೆ ಹೇಳಿದರು. ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದ ಮಾಚಯ್ಯ ಕಾಯಕ ಮಾಡದವರ ಬಟ್ಟೆ ಮುಟ್ಟುತ್ತಿರಲಿಲ್ಲವಂತೆ. "ಹಂಗಾದ್ರೆ ನಂದೂ ಮುಟ್ಟಬೇಡಿ, ಅಲ್ಲೇ ಇರ್ಲಿ" ಎಂದು ಹುಡುಗ ಮಗ್ಗುಲು ಬದಲಾಯಿಸಿದ.

ಇನ್ನು ನಮ್ಮನೆಯ ವಾಷಿಂಗ್ ಮೆಷಿನ್ನು. ಮುಂದೆ ಗಾಜಿನ ಬಾಗಿಲಿರುವಂಥದು. ಅತ್ತೆ ಅದರ ಎದುರು ಸ್ಟೂಲು ಹಾಕಿಕೊಂಡು ಮೊದಲಿನಿಂದ ಕೊನೆತನಕ ನೋಡಿದರು. "ಇಷ್ಟೇ ಏನು ನೀರು? ಬಟ್ಟೀಗೆ ತಲಿ ನೆನೆಯೋ ಅಷ್ಟೂ ಇಲ್ಲ." ಚೆಂಬಿನಲ್ಲಿ ನೀರು ತಂದು ಬಾಗಿಲು ತೆಗೆಯಲು ಹೋದರು. ಅದು ಮುಗಿಯುವವರೆಗೆ ಬೀಗ ಬಿಡುವುದಿಲ್ಲ. ಆಗ ಅವರು ಗಾಜಿನ ಮೇಲೆ ಬೆರಳಲ್ಲಿ ಬಡಿದು, ಒಳಗೆ ತಿರುಗುತ್ತಿದ್ದ ಮಾವನ ಪಂಚೆಗೆ "ತಡಿ, ತಡಿ" ಎಂದು ಧೈರ್ಯ ಹೇಳಿದ್ದನ್ನು ನನ್ನ ಕಣ್ಣಾರೆ ಕಂಡೆ. ಡ್ರೈಯರ್ ಕಂಡಾಗ ಇನ್ನೊಂದು ಆಘಾತ. ಅದರ ಜಾಲರಿಯಲ್ಲಿ ಮುದ್ದೆಮುದ್ದೆಯಾಗಿ ಸೇರುವ ಹತ್ತಿಯ ಜುಂಗನ್ನು ಕೈಯಲ್ಲಿ ಹಿಡಿದು, "ಪಂಚಿ ಪ್ರಾಣಾನೇ ಹೊರಗ ಬಂತಲ್ಲವ್ವಾ" ಎಂದರು. ಹಾಳು ಮಾಡಬಾರದು ಅಂತ ಅದರಲ್ಲೇ ಹೂಬತ್ತಿ ಹೊಸೆಯಲು ಕೂತವರನ್ನು ಬೆಂಕಿಯ ಭಯ ಹೇಳಿ ಎಬ್ಬಿಸಿದ್ದಾಯಿತು. ಅವತ್ತಿಂದ ಪಂಚೆ ಸ್ನಾನದ ತೊಟ್ಟಿಯಲ್ಲಿ ಒಗೆಸಿಕೊಂಡು ಮಹಡಿಯ ಕಟಕಟೆಗೆ ಹೋಗತೊಡಗಿತು.

ಅಮ್ಮನಿಗೊಂದು ತೊಡಕು. ಮನೆಯಲ್ಲಿ ಬಿಳಿ ಬಟ್ಟೆ ಅಂತಿರುವುದು ಬೀಗರ ಮೈಮೇಲೆ. ಬೀಗರ ಪಂಚೆಗೆ ಕೈ ಹಚ್ಚುವುದುಂಟೇ? ಕೊಟ್ಟ ಮನೆಯ ಹಿರಿಯರು, ಅವರೆದುರು ಕೂರುವುದಕ್ಕೇ ಅಮ್ಮ ಹಿಂದೆಮುಂದೆ ನೋಡುತ್ತಾರೆ. ಹಾಗಂತ ಕಣ್ಣೆದುರು ರಾಬಿನ್ ನೀಲಿ ಆಡುತ್ತಿದ್ದರೆ ಸುಮ್ಮನಿರಲೂ ಆಗದು. ಬಚ್ಚಲ ಬಾಗಿಲ ಹೊರಗೆ ನಿಂತು, ಗೋಡೆಗೆ ಹೇಳಿದ ಹಾಗೆ, "ನಮ್ಮ ಕಡೆ ಒಂಚೂರು ನಿಂಬೆರಸ ಬಿಡ್ತಾರಪ್ಪ" ಎನ್ನುವರು. ಒಳಗಿಂದ ಬಟ್ಟೆ ಕುಕ್ಕುವ ಸದ್ದು ಜೋರಾಗುವುದು. ಕೊನೆಗೆ ಅಮ್ಮನಿಗೆ ದಕ್ಕಿದ್ದು ಮೊಮ್ಮಗಳ ಕರಾಟೆ ಡ್ರೆಸ್ಸು. ದಪ್ಪ ಕ್ಯಾನ್ವಾಸಿನಂಥ ಬಿಳಿ ಬಟ್ಟೆ. ಅಮ್ಮ ಅದನ್ನು ಕೈಗೆತ್ತಿಕೊಂಡಾಗಿನ ಮುಖ ನೋಡಬೇಕಿತ್ತು, ಇಂಥದೊಂದು ಬಟ್ಟೆಗಾಗಿಯೇ ಇಷ್ಟು ದೂರ ಬಂದವರ ಹಾಗಿತ್ತು.

ಗಂಜಿ ಕುಡಿದ ಮೇಲೆ ಆ ಡ್ರೆಸ್ಸು ಮಡಚುವ ವಸ್ತುವಾಗಿ ಉಳಿಯಲಿಲ್ಲ. ಕಾರಿನಲ್ಲಿ ಅದಕ್ಕೊಂದು ಬೇರೆ ಸೀಟು. ಹುಡುಗಿ ಅದನ್ನು ತೊಟ್ಟು ಕೈ ಮುಂದೆ ಚಾಚಿ ಗುದ್ದಿದರೆ ತೋಳು "ಟಪ್!" ಎನ್ನುತ್ತಿತ್ತು. ಕರಾಟೆ ಆಡುವವರಿಗೆ ಆ ಸದ್ದು ಬಲು ಇಷ್ಟವಂತೆ, ಅದಕ್ಕೆಂದೇ ದುಡ್ಡು ಸುರಿದು ಭಾರದ ಬಟ್ಟೆ ಕೊಳ್ಳುತ್ತಾರಂತೆ. ನನ್ನ ಮಗಳ ಗುದ್ದು ಅಷ್ಟಕ್ಕಷ್ಟೇ, ಸದ್ದು ಮಾತ್ರ ಬ್ಲ್ಯಾಕ್ ಬೆಲ್ಟಿನದು. ಬೆಲ್ಟಿನ ಪರೀಕ್ಷೆಯ ದಿನ ಅವಳ ಮಾಸ್ತರರು ತಿರುಗಿ ನೋಡಿ ತಲೆದೂಗಿದರು. ಅಮ್ಮ ಹಿಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡರು. "ಅದು ಗಂಜಿ ಸದ್ದು, ಬಿಳುಪಿಂದಲ್ಲ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದ್ದು ಮೂರು ಸಾಲು ದಾಟಿ ಕೇಳಿಸಿತು. ಕಾಲೆತ್ತಿ ಒದೆಯುವ ಭಾಗ ಬಂದಾಗ ಪ್ಯಾಂಟು ಮಣಿಯಲಿಲ್ಲ, ಆ ಸಂಗತಿಯನ್ನು ನಾವ್ಯಾರೂ ಮನೆಯಲ್ಲಿ ಎತ್ತಿಲ್ಲ.

ಈಗ ಫೋಟೊಕ್ಕೆ ಬನ್ನಿ. ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ ಎಂದು ಇಬ್ಬರೂ ಹಟ ಹಿಡಿದದ್ದರಿಂದ ನನ್ನ ಗಂಡ ಅದನ್ನು ಟಿವಿಗೆ ಹಾಕಿದ. ಹಾಲಿನಲ್ಲಿ ಎಲ್ಲರೂ ಕೂತೆವು, ಉಪ್ಪಿಟ್ಟಿನ ತಟ್ಟೆ ಸಮೇತ. ಗೋಡೆಯಗಲದ ಪರದೆಯ ಮೇಲೆ ನಮ್ಮದೇ ಮನೆ, ನಮ್ಮದೇ ಕಟಕಟೆ, ಎಡಗಡೆ ಪಂಚೆ, ಬಲಗಡೆ ಕೈ ಚಾಚಿದ ಡ್ರೆಸ್ಸು. ಅತ್ತೆ ಎದ್ದು ಹೋಗಿ ಬೆರಳಿಟ್ಟು ತೋರಿಸಿದರು. ಪಂಚೆ ತಣ್ಣಗೆ, ಹಾಲಿನಷ್ಟು ಬೆಳ್ಳಗೆ. ಡ್ರೆಸ್ಸಿಗೆ ಸ್ಪಷ್ಟವಾಗಿ ಹಳದಿ.

ಅಮ್ಮ ಮಾತಾಡಲಿಲ್ಲ. ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನೆಲ್ಲ ಆರಿಸಿ ತಟ್ಟೆಯ ಅಂಚಿಗಿಟ್ಟರು.

ಗೆದ್ದವರು ಅಲ್ಲಿಗೆ ನಿಲ್ಲಿಸಬೇಕಿತ್ತು. ಅತ್ತೆ ನಿಲ್ಲಿಸಲಿಲ್ಲ. 2008ರ ಚುನಾವಣೆ ತೆಗೆದರು. ಬಂಗಾರಪ್ಪನವರು ಸೊರಬದಿಂದ ಶಿಕಾರಿಪುರಕ್ಕೇ ಬಂದು ಯಡಿಯೂರಪ್ಪನವರ ಎದುರು ನಿಂತು ಸೋತದ್ದು ನೆನಪೈತೇನು ಎಂದರು. ಯಡಿಯೂರಪ್ಪನವರ ಬಿಳಿ ಸಫಾರಿ ನೋಡೀರೇನು, ಯಾವತ್ತಾದರೂ ಮಾಸಿದ್ದು ಕಂಡೀರೇನು ಎಂದರು. ಆಗ ಅಮ್ಮ ತಲೆಯೆತ್ತಿದರು. "ನಮ್ಮ ಬಂಗಾರಪ್ಪನವರು 1990ರಲ್ಲೇ ಮುಖ್ಯಮಂತ್ರಿ ಆಗಿದ್ರು ಅಂತ ಹೇಳೇ ನಿಮ್ಮತ್ತೆಗೆ. ಅವರ ಕಡೆಯವರು 2007ರವರೆಗೆ ಕಾಯ್ಬೇಕಾಯ್ತು." ಉಪ್ಪಿಟ್ಟು ಆರಿತು.

ಸೊರಬವನ್ನು ಉಳಿಸಿದ್ದು ಕಪ್ಪು ಹುಡಿಯ ಹುಡುಗ. ಫೋನಿನಿಂದ ತಲೆಯೆತ್ತದೆ, "ಪಂಚೆ ನೆರಳಲ್ಲಿದೆ, ಡ್ರೆಸ್ ಬಿಸಿಲಲ್ಲಿದೆ" ಎಂದ. ಎಲ್ಲರೂ ನೋಡಿದರು. ನಿಜವೇ. ಸೂರಿನ ನೆರಳು ಪಂಚೆಯ ಮೇಲೆ ಬಿದ್ದಿತ್ತು. ನೆರಳಿನ ಜಾಗಕ್ಕೆ ಆಕಾಶದ ನೀಲಿ ಬೆಳಕು ಮಾತ್ರ ಬರುತ್ತದಂತೆ, ಸಂಜೆಯ ನೇರ ಬಿಸಿಲು ಹಳದಿಯಂತೆ, ಕ್ಯಾಮೆರಾ ಇವೆರಡರ ನಡುವೆ ಯಾವುದನ್ನು ಬಿಳಿ ಅಂದುಕೊಳ್ಳಬೇಕೆಂದು ತಾನೇ ಊಹೆ ಮಾಡಿಕೊಳ್ಳುತ್ತದಂತೆ. ಅಮ್ಮನಿಗೆ ಅರ್ಥವಾದದ್ದು ಒಂದೇ, ಎದುರು ಪಕ್ಷದ ಪಂಚೆಗೆ ಆಕಾಶವೇ ನೀಲಿ ಹಾಕಿಕೊಟ್ಟಿದೆ. "ರಾಬಿನ್ನಿಂದಲ್ಲ ಹಾಗಾದ್ರೆ" ಎಂದರು. ಮೇಲ್ಮನವಿ ಅಂಗೀಕಾರವಾಯಿತು.

ಹುಡುಗನಿಗೂ ಹುಮ್ಮಸ್ಸು ಬಂದು ತನ್ನ ಅತಿನೇರಳೆ ಟಾರ್ಚು ತಂದ. ಬಟ್ಟೆಯ ಪುಡಿಗಳಲ್ಲಿ ಬೆಳಗುವ ರಾಸಾಯನಿಕವೊಂದನ್ನು ಸೇರಿಸಿರುತ್ತಾರೆ, ಟಿನೋಪಾಲ್ ಅಂದರೆ ನಮ್ಮ ಹಿರಿಯರಿಗೆ ಗೊತ್ತು. ಕಣ್ಣಿಗೆ ಕಾಣದ ಬೆಳಕನ್ನು ಕುಡಿದು ನೀಲಿಯಾಗಿ ಕಾರುವುದು ಅದರ ಕೆಲಸ. ಬಟ್ಟೆಯ ಕೋಣೆಯ ಬಾಗಿಲು ಹಾಕಿಕೊಂಡು, ಕತ್ತಲಲ್ಲಿ ಇಡೀ ಸಂಸಾರ ಒತ್ತೊತ್ತಾಗಿ ನಿಂತೆವು. ಪಂಚೆ ಹೊಳೆಯಿತು. ಡ್ರೆಸ್ಸೂ ಹೊಳೆಯಿತು. ಮೆಷಿನ್ನಿಗೆ ಹಾಕಿದ್ದ ನನ್ನ ಗಂಡನ ಕರವಸ್ತ್ರ ಎರಡನ್ನೂ ಮೀರಿಸಿ ಹೊಳೆಯಿತು, ಅದನ್ನು ಕಂಡೂ ಕಾಣದವರಂತೆ ಅಜ್ಜಿಯರಿಬ್ಬರೂ ಮುಖ ತಿರುಗಿಸಿದರು. ಮಾವ ಏನೋ ಹೇಳಲು ಬಾಯಿ ತೆರೆದರು. ಬನಿಯನ್ ಜಗಜಗ ಬೆಳಗುತ್ತಿತ್ತು, ಹಲ್ಲಿನ ಸೆಟ್ಟು ಬೆಳಗಲಿಲ್ಲ. ಬೆಳಗುವ ಬನಿಯನ್ನಿನ ಮೇಲೆ ಕಪ್ಪು ಬಾಯೊಂದು ಆಡುವುದನ್ನು ಕಂಡು ಮಗಳು ಕಿಟಾರನೆ ಕಿರುಚಿ ಹೊರಗೋಡಿದಳು. ಸಭೆ ಬರಖಾಸ್ತಾಯಿತು.

ಅಂದು ರಾತ್ರಿ ಪಾತ್ರೆ ಒರೆಸುತ್ತಾ ಅತ್ತೆ ತಾವಾಗಿಯೇ ಹೇಳಿದ್ದು ಬೇರೆ ಮಾತು. ಮಾವ ಹಳ್ಳಿ ಶಾಲೆಯ ಮೇಷ್ಟರಾಗಿದ್ದಾಗ ಇದ್ದದ್ದು ಎರಡು ಪಂಚೆ, ಎರಡು ಜುಬ್ಬ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೇ. ಒಂದು ಜೊತೆ ಕೆಸರು ಕುಡಿದು ಬಂದರೆ ಇನ್ನೊಂದು ಒಣಗಿರುತ್ತಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ, ಹೊಗೆ ತಾಗದಂತೆ ಬರೀ ಕೆಂಡ ಉಳಿಸಿಕೊಂಡು, ಪಂಚೆಯನ್ನು ಮಗ್ಗುಲು ಬದಲಿಸುತ್ತ ಕೂರುತ್ತಿದ್ದರಂತೆ. "ಮಕ್ಕಳು ಮೇಷ್ಟರ ಮುಖ ನೋಡ್ತಾವೇನು? ಪಂಚಿ ನೋಡ್ತಾವು" ಎಂದರು. ಮಾವನಿಗೆ ಈ ಸಂಗತಿ ಗೊತ್ತೇ ಎಂದು ಕೇಳಿದೆ. "ಅವರಿಗೆಲ್ಲಿ ಗೊತ್ತು? ಮಲಗಿರ್ತಿದ್ರು" ಎಂದು ಪಾತ್ರೆ ಎತ್ತಿಟ್ಟರು. ಪಕ್ಕದ ಕೋಣೆಯಲ್ಲಿ ಮಾವ ಆಗಲೂ ಗೊರಕೆ ಹೊಡೆಯುತ್ತಿದ್ದರು.

ಅಮ್ಮನ ಕಥೆ ತಿರುಗುಮುರುಗು. ಅಪ್ಪನದು ಅಡಿಕೆ ತೋಟ. ಕೊನೆಗೊಯ್ಲಿನ ದಿನಗಳಲ್ಲಿ ಸುಲಿದ ಅಡಿಕೆ ಬೇಯಿಸುವ ಒಲೆಯ ಹತ್ತಿರವೇ ಅವರ ವಾಸ. ಚೊಗರು ಒಮ್ಮೆ ಬಟ್ಟೆಗೆ ತಾಗಿದರೆ ಬ್ರಹ್ಮ ಬಂದರೂ ಹೋಗದು, ಕಬ್ಬಿಣ ತಾಗಿದರೆ ಕಪ್ಪಾಗಿ ಕೂರುತ್ತದೆ. ಅದರ ಮೇಲೆ ಬಾಳೆಯ ಕಲೆ, ಮಳೆಗಾಲದ ಬೂಷ್ಟು. ನಿಂಬೆ, ಮಜ್ಜಿಗೆ, ಅಂಟುವಾಳ, ಸುಡು ಬಿಸಿಲು ಎಂದು ಅಮ್ಮ ಮಾಡದ ಪ್ರಯೋಗವಿಲ್ಲ. ಅವರಿಗೆ ಬಟ್ಟೆಯ ಬಗ್ಗೆ ಇಷ್ಟು ವಿದ್ಯೆ ಬಂದದ್ದೇ ಅಪ್ಪನ ಒಂದು ಬಟ್ಟೆಯೂ ಬೆಳ್ಳಗೆ ಉಳಿಯದೇ ಇದ್ದದ್ದರಿಂದ. ಅಪ್ಪ ಹೋಗಿ ಐದಾರು ವರ್ಷವಾಯಿತು. ಮದುವೆ-ಮುಂಜಿಗೆ, ಚಂದ್ರಗುತ್ತಿ ಜಾತ್ರೆಗೆ ಅಂತ ಎತ್ತಿಟ್ಟಿದ್ದ ಒಂದು ಪಂಚೆ ಈಗಲೂ ಪೆಟ್ಟಿಗೆಯಲ್ಲಿದೆ, ಅಮ್ಮ ಅದನ್ನು ಒಗೆಯುವುದಿಲ್ಲ. ಕರಾಟೆ ಡ್ರೆಸ್ಸಿಗೆ ಅಷ್ಟೊಂದು ಗಂಜಿ ಯಾಕೆ ಎಂದು ನಾನು ಆಮೇಲೆ ಕೇಳಲಿಲ್ಲ. ಕುಕ್ಕರ್ ಎತ್ತಿಟ್ಟು ಅನ್ನ ಬಸಿಯತೊಡಗಿದೆ.

ಮಾವ ಈ ಮಧ್ಯೆ ಉತ್ತರ ಬರೆದು ಮುಗಿಸಿದ್ದರು. ಸರ್ಕಾರಿ ನೌಕರಿ ಮಾಡಿದವರು, ನೋಟೀಸಿಗೆ ಸಮಜಾಯಿಷಿ ಕೊಡದೆ ನಿದ್ದೆ ಬಾರದು. ಎರಡು ಪುಟ, ಅಂಚು ಬಿಟ್ಟು, ದುಂಡು ಅಕ್ಷರ. "ಇವರಿಗೆ, ಮಾನ್ಯ ಅಧ್ಯಕ್ಷರು. ವಿಷಯ: ಪಂಚೆಯ ಬಣ್ಣದ ಬಗ್ಗೆ ಸ್ಪಷ್ಟೀಕರಣ. ಉಲ್ಲೇಖ: ತಮ್ಮ ಪತ್ರದೊಂದಿಗೆ ಲಗತ್ತಿಸಿರುವ ಛಾಯಾಚಿತ್ರ." ತೂಗುಹಾಕಿದ್ದರ ಬಗ್ಗೆ ಒಂದಕ್ಷರ ಇಲ್ಲ. ಸದರಿ ಛಾಯಾಚಿತ್ರವನ್ನು ಸಂಜೆಯ ವೇಳೆ ತೆಗೆದಿರುವುದರಿಂದ ಪಂಚೆಯ ನಿಜವಾದ ಬಿಳುಪು ಅದರಲ್ಲಿ ಕಂಡುಬರುತ್ತಿಲ್ಲವೆಂದೂ, ಬೀಗರ ಕಡೆಯ ವಸ್ತ್ರಕ್ಕೂ ಅನ್ಯಾಯವಾಗಿದೆಯೆಂದೂ, ಆದಕಾರಣ ತಾವು ದಯಮಾಡಿ ಬೆಳಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಮರುಪರಿಶೀಲನೆಗೆ ಆಗಮಿಸಬೇಕೆಂದೂ, ಉಪಾಹಾರದ ವ್ಯವಸ್ಥೆ ಮಾಡಲಾಗುವುದೆಂದೂ ಇತ್ತು. ಕೆಳಗೆ ಸಹಿ, ನಿವೃತ್ತ ಮುಖ್ಯೋಪಾಧ್ಯಾಯರು, ಶಿಕಾರಿಪುರ ತಾಲ್ಲೂಕು.

ಕಳಿಸುವ ಹೊಣೆ ಮೊಮ್ಮಗನದು. ಅವನು ಸಂಘದ ವೆಬ್‌ಸೈಟಿನಲ್ಲಿ "ಕ್ಷಮಿಸಿ, ಅದು ಒಗೆದ ಬಟ್ಟೆ, ತೆಗೆದಿದ್ದೇವೆ" ಎಂದಷ್ಟೇ ತುಂಬಿದ. ಎರಡು ಪುಟ ಎಲ್ಲಿ ಹೋಯಿತು ಎಂದು ಮಾವ ಕೇಳಿದಾಗ, "ಅಲ್ಲಿ ಅಷ್ಟೇ ಹಿಡಿಯೋದು ಅಜ್ಜ, ಉಳಿದದ್ದು ಅವರಿಗೆ ಅರ್ಥ ಆಗುತ್ತೆ" ಎಂದ. ಮಾವ ನಂಬಿದರು. ಬೆಳಗ್ಗೆ ಹತ್ತಕ್ಕೆ ಸ್ನಾನ ಮುಗಿಸಿ, ವಿಭೂತಿ ಇಟ್ಟು, ಪಂಚೆಯುಟ್ಟು ಅಧ್ಯಕ್ಷರ ದಾರಿ ಕಾಯುತ್ತಿದ್ದಾರೆ.

ಕಾನೂನು ಹುಡುಕಿ ಕೊಟ್ಟವನೂ ಆ ಹುಡುಗನೇ. ಕ್ಯಾಲಿಫೋರ್ನಿಯಾದಲ್ಲಿ 2015ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಕಾಯ್ದೆಯೊಂದಿದೆ. ಹಿತ್ತಲಲ್ಲಿ ಹಗ್ಗ ಅಥವಾ ಸ್ಟ್ಯಾಂಡು ಹಾಕಿ ಬಟ್ಟೆ ಒಣಗಿಸುವುದನ್ನು ಇಂಥ ಸಂಘಗಳು ಪೂರ್ತಿ ನಿಷೇಧಿಸುವಂತಿಲ್ಲ. ಆದರೆ ಬಾಲ್ಕನಿ, ಕಟಕಟೆ, ಸೂರು ಇವು ಬಟ್ಟೆಯ ಹಗ್ಗದ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಅದರಲ್ಲೇ ಬರೆದಿದ್ದಾರೆ. ಮಾವ ಇದನ್ನು ಕನ್ನಡದಲ್ಲಿ ಹೇಳಿಸಿಕೊಂಡು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. "ಒಂದು ಸರ್ಕಾರ ಕೂತು ಪಂಚೆ ಎಲ್ಲಿ ಒಣಗಬೇಕು ಅಂತ ಯೋಚನೆ ಮಾಡೇತಿ ಅಂದ್ರೆ…" ಎಂದು ಮುಂದಿನ ಮಾತು ಹೊರಡದೆ ಕಣ್ಣೊರೆಸಿಕೊಂಡರು. ಆ ಕಾಯ್ದೆಯಲ್ಲಿ ಪಂಚೆಯ ಪ್ರಸ್ತಾಪ ಇಲ್ಲವೆಂದು ಹೇಳುವ ಧೈರ್ಯ ನಮಗಾರಿಗೂ ಬರಲಿಲ್ಲ.

ಹಿತ್ತಲಿಗೆ ಉದ್ದ ಹಗ್ಗಗಳ ಸ್ಟ್ಯಾಂಡೊಂದು ಬಂದಿದೆ. ಬಿಸಿಲು ಹೆಚ್ಚು ಬೀಳುವ ಕಡೆ ತಮಗೆ ಬೇಕೆಂದು ಇಬ್ಬರೂ ಬೆಳಗಿನ ಜಾವವೇ ಎದ್ದು ಒದ್ದೆ ಬಟ್ಟೆ ಹಿಡಿದು ನಿಲ್ಲತೊಡಗಿದ ಮೇಲೆ ನನ್ನ ಗಂಡ ಗಡಿ ಗುರುತಿಸಿದ. ಬೇಲಿ ಕಡೆಯ ಹಗ್ಗಗಳು ಶಿಕಾರಿಪುರಕ್ಕೆ, ನಿಂಬೆ ಗಿಡದ ಕಡೆಯವು ಸೊರಬಕ್ಕೆ, ನಡುವಿನ ಒಂದು ಹಗ್ಗ ಶಿರಾಳಕೊಪ್ಪ. ಅದರ ಮೇಲೆ ಅವನ ಸಾಕ್ಸು, ಮಗನ ಕಪ್ಪು ಹುಡಿ. ನಿನ್ನೆ ಸಂಜೆ ಹೋಗಿ ನೋಡಿದರೆ ಶಿರಾಳಕೊಪ್ಪದಲ್ಲಿ ಒಂದು ಕಡೆಯಿಂದ ಮಾವನ ಜುಬ್ಬ, ಇನ್ನೊಂದು ಕಡೆಯಿಂದ ಕರಾಟೆ ಬೆಲ್ಟು ಒತ್ತುವರಿ ಮಾಡಿಕೊಂಡು, ಸಾಕ್ಸುಗಳೆಲ್ಲ ಹುಲ್ಲಿನ ಮೇಲೆ ಬಿದ್ದಿದ್ದವು.